ಎರಡು ಮೆಟಲ್ ಜಾತ್ರೆ, ನಡುವೊಂದು ರೈಲು

2013ರಲ್ಲಿ ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡ್ ಜರ್ಮನಿಯ ವಾಕನ್ ಓಪನ್ ಏರ್‌ನಲ್ಲಿ ನುಡಿಸಿದಾಗ ನಾನು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿದ್ದೆ. ನಾನು, ರೂಮ್‌ಮೇಟ್, ಇಬ್ಬರಿಗೂ ಸೇರಿ ಒಂದೇ ಇಯರ್‌ಫೋನ್. ಎಡಗಡೆಯದು ಅವನಿಗೆ, ಬಲಗಡೆಯದು ನನಗೆ. "ಒಂದಿನ ಅಲ್ಲಿ ಹೋಗಿ ನಿಂತ್ಕೋಬೇಕು ಮಗಾ" ಅಂದಿದ್ದ.

ಆ 'ಒಂದಿನ' ಬರೋಕೆ ಹನ್ನೊಂದು ವರ್ಷ ಬೇಕಾಯ್ತು. 2024ರಲ್ಲಿ ಇಬ್ಬರೂ ಟಿಕೆಟ್ ತಗೊಂಡ್ವಿ, ವೀಸಾನೂ ಬಂತು. ಹೊರಡೋಕೆ ಎರಡು ವಾರ ಇರುವಾಗ ಅವನ ಅಪ್ಪನಿಗೆ ಬೈಪಾಸ್ ಆಗಬೇಕು ಅಂದರು ಡಾಕ್ಟರು. ನಾನೂ ಕ್ಯಾನ್ಸಲ್ ಮಾಡ್ತೀನಿ ಅಂದೆ. "ಆಸ್ಪತ್ರೆಯಲ್ಲಿ ನೀನೇನ್ ಮಾಡ್ತೀಯಾ? ಸುಮ್ನೆ ಹೋಗಿ ಬಾ" ಅಂತ ಬೈದ. ಹೋದೆ. ಆದರೆ ವಿಮಾನ ಹತ್ತುವಾಗಲೂ ತಪ್ಪು ಮಾಡ್ತಿದೀನಿ ಅನ್ನಿಸ್ತಿತ್ತು.

ವಾಕನ್ ಉತ್ತರ ಜರ್ಮನಿಯ ಒಂದು ಹಳ್ಳಿ. ಜನಸಂಖ್ಯೆ ಸುಮಾರು 2,000. ಹಬ್ಬದ ದಿನಗಳಲ್ಲಿ ಸೇರುವವರು 85,000. ಅಲ್ಲಿಗೆ ರೈಲು ಹೋಗಲ್ಲ. ಹ್ಯಾಂಬರ್ಗ್‌ನಿಂದ ಸುಮಾರು ಒಂದು ಗಂಟೆ ದೂರದ ಇಟ್ಸೆಹೋ ಊರಲ್ಲಿ ಇಳಿದು ಬಸ್ ಹಿಡಿಯಬೇಕು. ಆ ರೈಲಿನಲ್ಲಿ ಎಲ್ಲೆಲ್ಲೂ ಕಪ್ಪು ಟೀ ಶರ್ಟ್, ಉದ್ದ ಗಡ್ಡ, ಟೆಂಟು, ಗಮ್‌ಬೂಟು. ನೋಡಿದರೆ ಭಯ ಆಗುವಂಥ ಆಳುಗಳು ಅಜ್ಜಿಯೊಬ್ಬರ ಸೂಟ್‌ಕೇಸ್ ಎತ್ತಿ ಕೊಡ್ತಿದ್ದರು.

1990ರಲ್ಲಿ ಶುರುವಾದ ಈ ಹಬ್ಬ ನಮ್ಮ ಊರ ಜಾತ್ರೆಯ ಥರಾನೇ. ಊರಿನವರು ಮನೆಯಂಗಳದಲ್ಲೇ ಕಾಫಿ, ತಿಂಡಿ ಮಾರ್ತಾರೆ. ಊರಿನ ಅಗ್ನಿಶಾಮಕ ದಳದ ವಾದ್ಯಗೋಷ್ಠಿಗೂ ವೇದಿಕೆ ಉಂಟು. ಅವರು ತುತ್ತೂರಿ ಊದುವಾಗ ಸಾವಿರಾರು ಜನ ಕೈಯೆತ್ತಿ ಕುಣಿದರು. ರಾತ್ರಿ ಗೆಳೆಯನಿಗೆ ವಿಡಿಯೋ ಕಾಲ್ ಮಾಡಿದೆ. ಅವನಿಗೆ ಕೇಳಿಸಿದ್ದು ಬರೀ ಕರಕರ ಸದ್ದು. "ಫೋನ್ ಒಳಗಿಟ್ಟು ನೋಡೋ" ಅಂದ.

ಮುಂದಿನ ನಿಲ್ದಾಣ ಚೆಕ್ ದೇಶದ ಬ್ರೂಟಲ್ ಅಸಾಲ್ಟ್ ಹಬ್ಬ. ವಿಮಾನ ಬಿಟ್ಟು ರೈಲೇ ಆರಿಸಿದ್ದೆ. ಯುರೇಲ್ ಪಾಸ್ ಇದ್ದರೆ ದಿನಕ್ಕೆ ಎಷ್ಟು ರೈಲು ಬೇಕಾದರೂ ಹತ್ತಬಹುದು. ಫ್ರಾನ್ಸ್‌ನ ಟಿಜಿವಿಗೆ ಸೀಟ್ ರಿಸರ್ವ್ ಮಾಡಲೇಬೇಕು. ಜರ್ಮನಿಯಲ್ಲಿ ಹಗಲಿನ ಹೆಚ್ಚಿನ ರೈಲುಗಳಿಗೆ ಅದು ಬೇಡ. ಟೆಂಟ್ ಹೊತ್ತವರಿಗೆ ಲಗೇಜ್ ತೂಕದ ತಲೆನೋವೂ ಇಲ್ಲ.

ಹ್ಯಾಂಬರ್ಗ್‌ನಿಂದ ಪ್ರಾಗ್‌ಗೆ ಸುಮಾರು ಏಳು ಗಂಟೆ. ಡ್ರೆಸ್ಡೆನ್ ದಾಟಿದ ಮೇಲೆ ಹಳಿ ಎಲ್ಬೆ ನದಿಯ ಅಂಚಿಗೇ ಬರುತ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ಮರಳುಗಲ್ಲಿನ ಕಡಿದಾದ ಬಂಡೆಗಳು. ನಾಲ್ಕು ದಿನದ ಗದ್ದಲದ ನಂತರ ಬೋಗಿಯಲ್ಲಿ ಚಕ್ರದ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಫೋನ್ ಮಾಡಿದೆ. ಆಪರೇಷನ್ ಆಗಿತ್ತು, ಅಂಕಲ್ ವಾರ್ಡಿಗೆ ಬಂದಿದ್ದರು. ಹಾಸ್ಟೆಲ್ ದಿನಗಳಲ್ಲಿ "ಅದೇನು ಕಿರುಚಾಟ" ಅಂತ ನಮ್ಮನ್ನು ಬೈದವರು ಅವರೇ. "ಹಾಡು ಹಾಕ್ಬೇಡಪ್ಪಾ, ಹೊಳೆ ತೋರ್ಸು" ಅಂದರು. ಕ್ಯಾಮೆರಾ ಕಿಟಕಿಗೆ ಹಿಡಿದೆ. ನೆಟ್‌ವರ್ಕ್ ಹೋಗುವ ತನಕ ಮೂರೂ ಜನ ನದಿ ನೋಡ್ತಾ ಕೂತಿದ್ವಿ. ಬಂದಿದ್ದು ತಪ್ಪಲ್ಲ ಅಂತ ಅನ್ನಿಸಿದ್ದು ಆಗಲೇ.

ಪ್ರಾಗ್‌ನಿಂದ ಮತ್ತೊಂದು ರೈಲು ಹಿಡಿದು ಯಾರೊಮ್ಯೆರ್ಷ್‌ಗೆ ಹೋದೆ. ಅಲ್ಲಿನ ಯೋಸೆಫೋವ್ ಕೋಟೆಯೇ ಹಬ್ಬದ ಜಾಗ. ಪ್ರಷ್ಯಾದ ದಾಳಿ ತಡೆಯೋಕೆ ಚಕ್ರವರ್ತಿ ಎರಡನೇ ಜೋಸೆಫ್ 1780ರ ದಶಕದಲ್ಲಿ ಕಟ್ಟಿಸಿದ್ದು. ಇಟ್ಟಿಗೆ ಗೋಡೆ, ನೆಲದಡಿ ಕಿಲೋಮೀಟರುಗಟ್ಟಲೆ ಸುರಂಗ. ಸೈನ್ಯ ತಡೆಯೋಕೆ ಕಟ್ಟಿದ ಗೋಡೆಗಳ ನಡುವೆ ಈಗ ನಾನಾ ದೇಶದವರು ಒಟ್ಟಿಗೆ ತಲೆ ಕುಣಿಸ್ತಾರೆ. ಊರ ಪಕ್ಕದಲ್ಲೇ ಮತ್ತೆ ಎಲ್ಬೆ. ಹ್ಯಾಂಬರ್ಗ್‌ನಲ್ಲಿ ದೊಡ್ಡ ದೊಡ್ಡ ಹಡಗು ಹೊರುವ ನದಿ ಇಲ್ಲಿ ನಮ್ಮೂರ ಹೊಳೆಯಷ್ಟೇ. ಅದರ ಫೋಟೋ ತೆಗೆದು ಅಂಕಲ್‌ಗೆ ಕಳಿಸಿದೆ.

ಹೋಗುವವರಿಗೆ ಎರಡೇ ಮಾತು: ಒಳ್ಳೆಯ ಇಯರ್‌ಪ್ಲಗ್ ಇರಲಿ, ಮಳೆಗೆ ಗಮ್‌ಬೂಟ್ ಇರಲಿ.

ಅಂಕಲ್ ಈಗ ದಿನಾ ಬೆಳಗ್ಗೆ ವಾಕಿಂಗ್ ಹೋಗ್ತಾರೆ. ನಾವಿಬ್ಬರೂ ಮತ್ತೆ ದುಡ್ಡು ಕೂಡಿಡ್ತಿದೀವಿ. ಡ್ರೆಸ್ಡೆನ್‌ನಿಂದ ಆಚೆಗೆ ಕಿಟಕಿ ಸೀಟು ತನಗೇ ಬೇಕು ಅಂತ ಅವನು ಈಗಲೇ ಹೇಳಿಟ್ಟಿದಾನೆ.