ಕಣಿವೆಯ ಡಾಕ್ಟರು

ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್‌ಷೈರ್ ಎಂಬ ವಿಶಾಲವಾದ ಪ್ರಾಂತವುಂಟು. ಅದರ ಪಶ್ಚಿಮ ಭಾಗದ ಬೆಟ್ಟಸಾಲುಗಳ ನಡುವೆ ಹಸುರು ಕಣಿವೆಗಳು ಬೆರಳುಗಳಂತೆ ಚಾಚಿಕೊಂಡಿವೆ. ಹರಿಯುವ ನದಿಯ ಹೆಸರನ್ನೇ ಕಣಿವೆಗೂ ಇಡುವುದು ಅಲ್ಲಿನ ವಾಡಿಕೆ. ಇದಕ್ಕೆ ಹೊರತಾದ ಕೆಲವೇ ಕಣಿವೆಗಳಲ್ಲಿ ವೆನ್ಸ್‌ಲಿಡೇಲ್ ಒಂದು. ಇಲ್ಲಿನ ನದಿ ಯೂರ್; ಕಣಿವೆಗೆ ಹೆಸರು ಬಂದುದು ವೆನ್ಸ್‌ಲಿ ಎಂಬ ಪುಟ್ಟ ಊರಿನಿಂದ. ಒಂದು ಕಾಲಕ್ಕೆ ಸಂತೆ ನೆರೆಯುತ್ತಿದ್ದ ಆ ಊರು 1563ರಲ್ಲಿ ಪ್ಲೇಗಿನ ಬಾಯಿಗೆ ಸಿಕ್ಕಿತು. ಹಿಂದಿನ ಸಿರಿ ಅದಕ್ಕೆ ಮತ್ತೆ ಮರಳಲಿಲ್ಲ. 1898ರ ಪ್ಲೇಗಿನಲ್ಲಿ ಬೆಂಗಳೂರಿನ ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳಲ್ಲಿ ದಿನ ನೂಕಿದ ಹಿರಿಯರ ಕಥೆಯನ್ನು ಕೇಳಿ ಬೆಳೆದವರಿಗೆ ವೆನ್ಸ್‌ಲಿಯ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಈ ಕಣಿವೆಗೆ ಬರುವ ಪ್ರವಾಸಿಗರು ನೋಡುವ ತಾಣಗಳು ಬೇರೆ. ಏಸ್‌ಗಾರ್ತ್ ಎಂಬ ಹಳ್ಳಿಯ ಬಳಿ ಯೂರ್ ನದಿ ಸುಣ್ಣಕಲ್ಲಿನ ಅಗಲವಾದ ಹಾಸುಗಳ ಮೇಲೆ ಮೂರು ಎಡೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಜೋಗವನ್ನು ಕಂಡ ಕಣ್ಣು ಇದನ್ನು ಜಲಪಾತವೆಂದು ಒಪ್ಪಲು ಅನುಮಾನಿಸೀತು. ಆದರೂ ಮರಗಳ ನೆರಳಿನಲ್ಲಿ ಕುಳಿತು ಆ ನೀರಿನ ಸದ್ದನ್ನು ಕೇಳುತ್ತಿದ್ದರೆ ಹೊತ್ತು ಹೋದುದೇ ತಿಳಿಯದು. ಸ್ವಲ್ಪ ದೂರದಲ್ಲಿ ಬೋಲ್ಟನ್ ಕೋಟೆ. ಸ್ಕಾಟರ ರಾಣಿ ಮೇರಿಯನ್ನು 1568ರಲ್ಲಿ ಸೆರೆಯಿಟ್ಟ ಜಾಗ. ಮೇಲಕ್ಕೆ ಹೋದರೆ ಹಾಸ್ ಎಂಬ ಸಂತೆಯೂರು. ಅಲ್ಲಿನ ಚೀಸು ದೇಶವಿದೇಶಗಳಲ್ಲಿ ಹೆಸರುವಾಸಿ. ಎತ್ತ ನೋಡಿದರೂ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗೋಡೆಗಳು ಗುಡ್ಡದ ತಲೆಯವರೆಗೂ ಹತ್ತಿಹೋಗಿವೆ. ಅವುಗಳ ನಡುವೆ ಕುರಿಗಳ ಹಿಂಡು, ಬೂದುಬಣ್ಣದ ಕಲ್ಲಿನ ಮನೆಗಳು.

ಈ ಕಣಿವೆಗೆ ಇನ್ನೊಂದು ಹಿರಿಮೆಯುಂಟು. ಅದನ್ನು ಕಾಣಲು ಕೋಟೆಯನ್ನೂ ಹತ್ತಬೇಕಾಗಿಲ್ಲ, ನದಿಗೂ ಇಳಿಯಬೇಕಾಗಿಲ್ಲ. ಏಸ್‌ಗಾರ್ತಿನ ಒಬ್ಬ ಸಾಮಾನ್ಯ ಡಾಕ್ಟರರು ಇಲ್ಲಿನ ಮನೆಮನೆಯ ಕಾಯಿಲೆಯನ್ನು ಬರೆದಿಟ್ಟು, ದೊಡ್ಡ ನಗರಗಳ ವಿದ್ವಾಂಸರಿಗೂ ಎಟುಕದಿದ್ದ ಸತ್ಯವೊಂದನ್ನು ಕಂಡುಕೊಂಡರು.

ಎಂಟು ಹಳ್ಳಿಗಳ ವೈದ್ಯ

ಅವರ ಹೆಸರು ವಿಲಿಯಂ ನಾರ್ಮನ್ ಪಿಕಲ್ಸ್. ಹೆಸರು ಕೇಳಿ ಉಪ್ಪಿನಕಾಯಿಯ ಜಾಡಿ ನೆನಪಾದರೆ ತಪ್ಪೇನಿಲ್ಲ. 1885ರಲ್ಲಿ ಲೀಡ್ಸ್ ನಗರದಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿ, ಅಲ್ಲಿಯೇ ವೈದ್ಯಶಾಸ್ತ್ರ ಕಲಿತು, 1912ರಲ್ಲಿ ಬೇರೊಬ್ಬ ವೈದ್ಯರ ಬದಲಿಗೆ ಕೆಲವು ಕಾಲ ಕೆಲಸ ಮಾಡಲೆಂದು ಏಸ್‌ಗಾರ್ತಿಗೆ ಬಂದರು. ಕಣಿವೆ ಅವರನ್ನು ಬಿಡಲಿಲ್ಲ. ಮರುವರ್ಷವೇ ಡನ್‌ಬಾರ್ ಎಂಬ ಗೆಳೆಯರೊಡನೆ ಸೇರಿ ಆ ವೈದ್ಯವೃತ್ತಿಯನ್ನು ಕೊಂಡುಕೊಂಡು ಅಲ್ಲಿಯೇ ನೆಲೆನಿಂತರು. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯ ವೈದ್ಯರಾಗಿ ದುಡಿದ ಕಾಲವನ್ನು ಬಿಟ್ಟರೆ, ಅವರ ಬದುಕೆಲ್ಲ ಏಸ್‌ಗಾರ್ತಿನ ಸುತ್ತಣ ಎಂಟು ಹಳ್ಳಿಗಳಲ್ಲಿಯೇ ಕಳೆಯಿತು. ಹೆರಿಗೆಗೂ ಅವರೇ, ನಾಯಿಕೆಮ್ಮಿಗೂ ಅವರೇ, ಮುದುಕರ ಕೊನೆಯ ರಾತ್ರಿಗೂ ಅವರೇ.

ವೃತ್ತಿಯ ಆರಂಭದ ದಿನಗಳಲ್ಲಿ ಅವರು ಕಂಡ ಒಂದು ದೃಶ್ಯ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಬೇಸಗೆಯ ಮುಸ್ಸಂಜೆಯಲ್ಲಿ ಅಲೆಮಾರಿ ಹೆಂಗಸೊಬ್ಬಳು ಬಂಡಿ ಹೊಡೆದುಕೊಂಡು ಹಳ್ಳಿಯೊಂದಕ್ಕೆ ಬಂದಳು. ಬಂಡಿಯೊಳಗೆ ಕಾಯಿಲೆ ಬಿದ್ದ ಗಂಡ. ಊರಿನ ಕೆಟ್ಟ ಬೋರಂಗಿಯ ಬಳಿ ಆಕೆ ಅವನ ಮೈಲಿಗೆ ಬಟ್ಟೆಗಳನ್ನು ಒಗೆದಳು. ಕೆಲವೇ ದಿನಗಳಲ್ಲಿ ಊರಿಗೆ ಊರೇ ವಿಷಮಶೀತಜ್ವರದಿಂದ ನರಳಿತು. ರೋಗ ಯಾರಿಂದ ಬಂತು, ಎಲ್ಲಿಂದ ಬಂತು, ಯಾವ ದಿನ ಬಂತು ಎಂಬುದು ಹಳ್ಳಿಯ ವೈದ್ಯನ ಕಣ್ಣಿಗೆ ಬಿದ್ದಷ್ಟು ಸ್ಪಷ್ಟವಾಗಿ ಮತ್ತಾರ ಕಣ್ಣಿಗೂ ಬೀಳದೆಂಬ ನಂಬಿಕೆ ಅಂದೇ ಅವರಲ್ಲಿ ಬೇರೂರಿತು.

ಇದರ ಮರ್ಮ ಸರಳ. ಮಹಾನಗರದಲ್ಲಿ ಮಗುವೊಂದಕ್ಕೆ ದಡಾರ ಬಂದಿತೆನ್ನಿ. ಅದು ಶಾಲೆಯಲ್ಲಿ ಬಂದಿತೊ, ಟ್ರಾಮಿನಲ್ಲಿ ಬಂದಿತೊ, ಅಂಗಡಿ ಬೀದಿಯಲ್ಲಿ ಬಂದಿತೊ ಹೇಳಬಲ್ಲವರು ಯಾರು? ವೆನ್ಸ್‌ಲಿಡೇಲಿನ ಆ ಕಾಲದ ಸ್ಥಿತಿಯೇ ಬೇರೆ. ಗುಡ್ಡಗಳು ಊರೂರುಗಳ ನಡುವೆ ಗೋಡೆಯಂತೆ ನಿಂತಿದ್ದವು. ರೈತರು ಸಂತೆಗೋ ಇಗರ್ಜಿಗೋ ನೆಂಟರ ಮನೆಗೋ ಹೋದರೆ ಅದೇ ದೊಡ್ಡ ಪ್ರಯಾಣ. ಆದಕಾರಣ ಒಂಟಿ ಮನೆಯೊಂದರಲ್ಲಿ ರೋಗ ಕಾಣಿಸಿಕೊಂಡರೆ, ಆ ಮನೆಯವರು ಹೊರಗಿನವರನ್ನು ಕಂಡ ದಿನ ಯಾವುದೆಂದು ಕೇಳಿ ತಿಳಿಯಬಹುದಾಗಿತ್ತು. ಸೋಂಕು ತಗುಲಿದ ದಿನಕ್ಕೂ ರೋಗ ತಲೆಯೆತ್ತಿದ ದಿನಕ್ಕೂ ನಡುವಿನ ಅಂತರ ಹೀಗೆ ಬೆರಳೆಣಿಕೆಗೆ ಸಿಕ್ಕಿತು.

ಬರ್ನ್‌ಲಿ ಪಟ್ಟಣದಲ್ಲಿ ಸಾಮಾನ್ಯ ವೈದ್ಯರಾಗಿದ್ದುಕೊಂಡೇ ಹೃದ್ರೋಗಗಳ ಮೇಲೆ ಹೊಸ ಬೆಳಕು ಚೆಲ್ಲಿದ ಜೇಮ್ಸ್ ಮೆಕೆಂಜಿಯವರ ಗ್ರಂಥವನ್ನು ಪಿಕಲ್ಸ್ 1926ರಲ್ಲಿ ಓದಿದರು. ತಾವೂ ಏಕೆ ಹೀಗೆ ದುಡಿಯಬಾರದು ಎನ್ನಿಸಿತು. ಅಂದಿನಿಂದ ಹಳ್ಳಿಗಳ ಸಾಂಕ್ರಾಮಿಕ ರೋಗಗಳ ಲೆಕ್ಕ ಕಾಗದಕ್ಕೆ ಇಳಿಯತೊಡಗಿತು. ಪತ್ನಿ ಗರ್ಟ್ರೂಡ್ ಈ ಕೆಲಸದಲ್ಲಿ ಹೆಗಲು ಕೊಟ್ಟರು. ಯಾವ ಹಳ್ಳಿ, ಯಾವ ದಿನ, ಯಾವ ರೋಗ ಎಂಬುದು ಒಂದೊಂದು ರೋಗಕ್ಕೆ ಒಂದೊಂದು ಗುರುತಿನಂತೆ ದೊಡ್ಡ ಹಾಳೆಗಳಲ್ಲಿ ತುಂಬುತ್ತ ಹೋಯಿತು.

ಉತ್ಸವಕ್ಕೆ ಬಂದ ಹುಡುಗಿ

1929ರಲ್ಲಿ ಕಣಿವೆಯಲ್ಲಿ ಕಾಮಾಲೆ ಹಬ್ಬಿತು. ಸುಮಾರು 5,700 ಜನರಿದ್ದ ಪ್ರದೇಶದಲ್ಲಿ 250 ಮಂದಿ ಹಾಸಿಗೆ ಹಿಡಿದರು. ಆ ರೋಗದ ನಡೆ ಆಗ ವೈದ್ಯರಿಗೆ ಸ್ಪಷ್ಟವಾಗಿರಲಿಲ್ಲ. ಗುಣಪಡಿಸುವ ಔಷಧವೂ ಇರಲಿಲ್ಲ.

ಹಳ್ಳಿಯೊಂದರಲ್ಲಿ ಉತ್ಸವವಿದ್ದ ದಿನ ಬೆಳಗ್ಗೆ ಡಾಕ್ಟರರು ಕಾಮಾಲೆಯ ಹುಡುಗಿಯೊಬ್ಬಳನ್ನು ಅವಳ ಮನೆಯಲ್ಲಿ ನೋಡಿ ಬಂದಿದ್ದರು. ಅವಳು ಹಾಸಿಗೆ ಬಿಟ್ಟೇಳುವಳೆಂಬ ಕಲ್ಪನೆಯೇ ಅವರಿಗಿರಲಿಲ್ಲ. ಮಧ್ಯಾಹ್ನ ನೋಡುತ್ತಾರೆ, ಹುಡುಗಿ ಉತ್ಸವದ ಗುಂಪಿನಲ್ಲಿ ನಿಂತಿದ್ದಾಳೆ! ಹರೆಯದವಳು, ವರ್ಷವೆಲ್ಲ ಕಾದ ಸಂಭ್ರಮವನ್ನು ಬಿಡಲು ಮನಸ್ಸು ಬಂದೀತೆ? ಸುಮಾರು ಒಂದು ತಿಂಗಳು ಕಳೆಯಿತು. ಆ ಉತ್ಸವದಲ್ಲಿ ಸೇರಿದ್ದವರ ಪೈಕಿ ಒಬ್ಬೊಬ್ಬರಾಗಿ ಹಳದಿಗಣ್ಣಿನವರಾದರು. ಒಂದೇ ದಿನದ ಒಂದೇ ಭೇಟಿಯಾದ್ದರಿಂದ ಲೆಕ್ಕದಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಇಂಥ ನಿದರ್ಶನಗಳನ್ನು ಕೂಡಿಸಿ, ಸೋಂಕು ತಗುಲಿದ 26ರಿಂದ 35 ದಿನಗಳಲ್ಲಿ ಕಾಮಾಲೆ ತೋರುವುದೆಂದು ಅವರು 1930ರಲ್ಲಿ ಪ್ರಕಟಿಸಿದರು. ಇಂದು ಹೆಪಟೈಟಿಸ್ ಎ ಎಂದು ಕರೆಯುವ ಈ ರೋಗದ ವೈರಸ್ ವಿಜ್ಞಾನಿಗಳ ಕಣ್ಣಿಗೆ ಬಿದ್ದುದು 1973ರಲ್ಲಿ. ಸೂಕ್ಷ್ಮದರ್ಶಕ ಅದನ್ನು ತೋರಿಸುವುದಕ್ಕೆ ನಾಲ್ಕು ದಶಕಗಳ ಮೊದಲೇ, ಹಳ್ಳಿಯ ವೈದ್ಯರು ಅದರ ಹೆಜ್ಜೆಯನ್ನು ಎಣಿಸಿಬಿಟ್ಟಿದ್ದರು.

ಎಣಿಸುವುದು ಸುಲಭವೆಂದು ತೋರಬಹುದು. ಆದರೆ ಯಾರು ಯಾರನ್ನು ಕಂಡರು ಎಂಬುದು ಮನೆಯ ಗುಟ್ಟು. ಮಗಳು ಯಾರ ಜೊತೆ ಕುಣಿದಳು, ಮಗ ರಾತ್ರಿ ಯಾವ ಹಳ್ಳಿಯ ಯಾವ ಮನೆಗೆ ಹೋಗಿಬಂದ, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಎಲ್ಲಿ ಭೇಟಿಯಾದರು ಎಂಬುದನ್ನು ಸರ್ಕಾರದ ಅಧಿಕಾರಿ ಬಂದು ಕೇಳಿದರೆ ಯಾವ ತಾಯಿ ಬಾಯಿಬಿಟ್ಟಾಳು? ಹೆರಿಗೆಯ ರಾತ್ರಿ ಬಾಗಿಲಲ್ಲಿ ನಿಂತಿದ್ದ ಡಾಕ್ಟರರು ಕೇಳಿದರೆ ಮಾತ್ರ ಹೇಳಿಯಾಳು; ಹೇಳಿದುದು ಹೊರಗೆ ಹೋಗದೆಂಬ ನೆಚ್ಚಿಕೆ ಅವಳಿಗುಂಟು. ಪಿಕಲ್ಸರ ಶಾಸ್ತ್ರದ ಬುನಾದಿ ಈ ನೆಚ್ಚಿಕೆ.

ಬೆಟ್ಟದ ಮೇಲಿನ ನೋಟ

ಒಂದು ಬೇಸಗೆಯ ಸಂಜೆ ಪಿಕಲ್ಸ್ ದಂಪತಿಗಳು ಬೆಟ್ಟವೊಂದರ ನೆತ್ತಿಯನ್ನು ಹತ್ತಿ ಕೆಳಗೆ ನೋಡಿದರಂತೆ. ಹಳ್ಳಿಗಳ ಹೊಗೆಗೂಡುಗಳಿಂದ ಹೊಗೆ ಏಳುತ್ತಿತ್ತು. ಆ ಹಳ್ಳಿಗಳಲ್ಲಿ ತಮಗೆ ಹೆಸರು ತಿಳಿಯದ, ಸ್ನೇಹವಿಲ್ಲದ ಗಂಡಸಾಗಲಿ ಹೆಂಗಸಾಗಲಿ ಮಗುವಾಗಲಿ ಇಲ್ಲವೆಂಬುದು ಡಾಕ್ಟರರಿಗೆ ಆಗ ಹೊಳೆಯಿತು. ಹೆಚ್ಚಿನ ನಾಯಿಗಳೂ ಕೆಲವು ಬೆಕ್ಕುಗಳೂ ತಮಗೆ ಪರಿಚಿತವೆಂದು ಅವರು ನಗೆಯಾಡಿ ಬರೆದಿದ್ದಾರೆ.

1933ರಲ್ಲಿ ಎದೆಯ ಸ್ನಾಯುಗಳನ್ನು ಹಿಂಡುವ ಬಾರ್ನ್‌ಹೋಮ್ ರೋಗವನ್ನು ತಮ್ಮ ಕಣಿವೆಯಲ್ಲಿ ಗುರುತಿಸಿ ವರದಿ ಮಾಡಿದರು. ಹಳ್ಳಿಯ ವೃತ್ತಿಯಲ್ಲಿ ಕಂಡ ಸಾಂಕ್ರಾಮಿಕಗಳನ್ನು ಕುರಿತ ಅವರ ಪುಸ್ತಕ 1939ರಲ್ಲಿ ಹೊರಬಂದು 1949ರಲ್ಲಿ ಮರುಮುದ್ರಣಗೊಂಡಿತು. ಬ್ರಿಟನ್ನಿನ ಸಾಮಾನ್ಯ ವೈದ್ಯರು 1952ರಲ್ಲಿ ತಮ್ಮದೇ ಕಾಲೇಜನ್ನು ಕಟ್ಟಿಕೊಂಡಾಗ, ಮೊದಲ ಅಧ್ಯಕ್ಷಸ್ಥಾನ ಏಸ್‌ಗಾರ್ತಿನ ಈ ಡಾಕ್ಟರರಿಗೆ ಸಂದಿತು. ಕೀರ್ತಿ ಬಂದ ಮೇಲೂ ಅವರು ಲಂಡನ್ನಿಗೆ ಮನೆ ಬದಲಾಯಿಸಲಿಲ್ಲ. 1969ರಲ್ಲಿ ತೀರಿಕೊಂಡರು.

ಕಣಿವೆಯೂ ಬದಲಾಯಿತು. ಹಾಸಿನವರೆಗೆ ಬರುತ್ತಿದ್ದ ಪ್ರಯಾಣಿಕರ ರೈಲು 1954ರಲ್ಲಿ ನಿಂತಿತು. ಮೋಟಾರುಗಳು ಊರೂರುಗಳ ಗೋಡೆಯನ್ನು ಕೆಡವಿದವು. ಇಂದು ಸೋಂಕು ವಿಮಾನದಲ್ಲಿ ಸಂಚರಿಸುತ್ತದೆ. 2020ರ ಕೋವಿಡ್ ಕಾಲದಲ್ಲಿ ಸೋಂಕಿತರು ಯಾರನ್ನು ಕಂಡಿದ್ದರೆಂದು ಸರ್ಕಾರಗಳು ಹುಡುಕಹೊರಟಾಗ, ಅನೇಕರು ಹೆದರಿ ಬಾಯಿಮುಚ್ಚಿದುದುಂಟು. ಯಂತ್ರಗಳು ಇದ್ದವು, ಮನೆಯವರ ನೆಚ್ಚಿಕೆ ಎಲ್ಲೆಡೆಯೂ ಇರಲಿಲ್ಲ.

ಒಬ್ಬರೇ ವೈದ್ಯರನ್ನು ವರ್ಷಗಟ್ಟಲೆ ಕಾಣುತ್ತಿರುವುದಕ್ಕೂ ಆಯುಸ್ಸಿಗೂ ನಂಟುಂಟೆ ಎಂದು ಅರಸಿದ 22 ಅಧ್ಯಯನಗಳನ್ನು ಬ್ರಿಟನ್ನಿನ ವೈದ್ಯರು 2018ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಅವುಗಳಲ್ಲಿ 18, ಹಾಗೆ ಕಾಣುವವರಲ್ಲಿ ಸಾವು ಕಡಿಮೆಯೆಂದು ತೋರಿಸಿದ್ದವು. ನಮ್ಮ ಊರುಗಳಲ್ಲಿಯೂ ಅಜ್ಜಿಯ ಉಬ್ಬಸವನ್ನೂ ಮೊಮ್ಮಗನ ಜ್ವರವನ್ನೂ ಒಂದೇ ಮೇಜಿನ ಹಿಂದೆ ಕುಳಿತು ಕೇಳಿದ ಡಾಕ್ಟರರಿದ್ದರು. ಅಲ್ಲಲ್ಲಿ ಇನ್ನೂ ಇದ್ದಾರೆ. ಅಂಥವರು ಬಾಗಿಲು ಮುಚ್ಚಿದ ದಿನ ಊರಿಗೆ ಆಗುವ ನಷ್ಟ ಒಂದು ಔಷಧಾಲಯದ ನಷ್ಟವಷ್ಟೇ ಅಲ್ಲ. ಯಾರ ಮನೆಯಲ್ಲಿ ಯಾವ ನೋವು ಎಷ್ಟು ಕಾಲದಿಂದ ಇದೆಯೆಂಬ ಅರಿವೂ ಅವರೊಡನೆ ಹೊರಟುಹೋಗುತ್ತದೆ. ಏಸ್‌ಗಾರ್ತಿನ ಡಾಕ್ಟರರು ಅದನ್ನು ಬರೆದಿಟ್ಟುಹೋದರು.