ಕಡಲಾಮೆಯ ಪಾಠ

ಎರಡು ವರ್ಷದ ಕೆಳಗೆ ನನ್ನ ಗೃಹಿಣಿಯು ತೀರಿಕೊಂಡ ತರುವಾಯ, ರಾಜಾಜಿನಗರದ ನಮ್ಮ ಮನೆಯ ಮುಂಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇರುತ್ತಿದ್ದಿತು. ಸಂಜೆಯ ಹೊತ್ತು ಸಂಸ್ಕೃತ ಕಲಿಯಲು ಬರುತ್ತಿದ್ದ ನೆರೆಮನೆಯ ಮಕ್ಕಳನ್ನೂ ಬೇಡವೆಂದು ಕಳುಹಿಸಿಬಿಟ್ಟೆನು. ಏಕೆಂದು ಕೇಳಿದವರಿಗೆ ಗೀತೆಯ ಎರಡನೆಯ ಅಧ್ಯಾಯದ ಆಮೆಯನ್ನು ತೋರಿಸುತ್ತಿದ್ದೆನು. ಅದು ಅಂಗಗಳನ್ನು ಒಳಕ್ಕೆ ಸೆಳೆದುಕೊಳ್ಳುವಂತೆ ಸ್ಥಿತಪ್ರಜ್ಞನು ಇಂದ್ರಿಯಗಳನ್ನು ಸೆಳೆದುಕೊಳ್ಳುವನಷ್ಟೆ! 35 ವರ್ಷ ನಾನು ಶಾಲೆಯಲ್ಲಿ ವಿವರಿಸಿದ ಉಪಮೆ ಅದು.

ಕಳೆದ ಮಾಘಮಾಸದಲ್ಲಿ ಹೊನ್ನಾವರದಲ್ಲಿರುವ ಮಗಳು ಬಿಡದೆ ಕರೆಸಿಕೊಂಡಳು. ಸಂಜೆ ಶರಾವತಿಯ ಅಳಿವೆಯ ಕಾಂಡ್ಲಾವನದೊಳಗಿನ ಮರದ ಕಾಲುದಾರಿಯಲ್ಲಿ ನಡೆದೆವು; ರಾತ್ರಿ ಕಾಸರಕೋಡಿನ ಕಡಲ ದಡದಲ್ಲಿ ಕುಳಿತೆವು. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಅಲ್ಲಿಗೆ ಮೊಟ್ಟೆಯಿಡಲು ಬರುವುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇವಕ್ಕೆ ರಕ್ಷಣೆಯನ್ನಿತ್ತಿದೆ. ದೀಪವನ್ನು ಹಚ್ಚಬಾರದು, ಹತ್ತಿರ ಸುಳಿಯಬಾರದು ಎಂದು ಅರಣ್ಯ ಇಲಾಖೆಯ ಕಾವಲುಗಾರನು ಮೊದಲೇ ತಿಳಿಸಿದ್ದನು.

ನಡುರಾತ್ರಿಯ ಮೇಲೆ ತೆರೆಗಳ ನಡುವಿನಿಂದ ಒಂದು ಕಪ್ಪು ಆಕೃತಿಯು ಮೆಲ್ಲಮೆಲ್ಲನೆ ಮರಳಿಗೆ ತೆವಳಿ ಬಂದಿತು. ಅಷ್ಟರಲ್ಲಿ ದೂರದಲ್ಲಿ ನಾಯಿಯೊಂದು ಬೊಗಳಿತು. "ಈಗ ತಲೆಯನ್ನು ಒಳಕ್ಕೆ ಎಳೆದುಕೊಂಡೀತು," ಎಂದು ನಾನು ಮೊಮ್ಮಗನ ಕಿವಿಯಲ್ಲಿ ಉಸುರಿದೆನು.

ಪಕ್ಕದಲ್ಲಿದ್ದ ಮುದುಕ ಮೀನುಗಾರನು ನಕ್ಕು, "ಇದು ಕೆರೆಯ ಆಮೆಯಲ್ಲ, ಮಾಸ್ತರೇ. ಇದಕ್ಕೆ ತಲೆಯನ್ನಾಗಲಿ ಕಾಲನ್ನಾಗಲಿ ಚಿಪ್ಪಿನೊಳಗೆ ಎಳೆದುಕೊಳ್ಳಲು ಬರುವುದಿಲ್ಲ," ಎಂದನು.

ನಾನು ಮೂಕನಾದೆನು. ಉಪಮೆಯೇನೂ ಸುಳ್ಳಲ್ಲ, ಆಮೆಯೆಂದರೆ ಒಂದೇ ಬಗೆಯೆಂದು ತಿಳಿದವನು ನಾನು. ಅಡಗಿಕೊಳ್ಳಲು ಬಾರದ ಆ ಪ್ರಾಣಿಯು ಹಿಂಗಾಲುಗಳಿಂದ ಗುಳಿಯನ್ನು ತೋಡಿ, ಮೊಟ್ಟೆಗಳನ್ನಿಟ್ಟು, ಮರಳನ್ನು ಮುಚ್ಚಿ, ಹಿಂದಿರುಗಿ ನೋಡದೆ ನೀರಿಗಿಳಿಯಿತು. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆಗಳು. ಅವಕ್ಕೆ ಕಾವು ಕೊಡುವುದು ಮರಳು. ಮರಿಗಳಾಗಲು 45ರಿಂದ 60 ದಿನ. ಹೊರಬಂದ ಮರಿಗಳು ಬೆಳಕಿನ ದಿಕ್ಕನ್ನು ಹಿಡಿದು ಕಡಲಿಗೆ ಓಡುವುವು. ದಡದಲ್ಲಿ ದೀಪವಿದ್ದರೆ ದಾರಿ ತಪ್ಪಿ ಸಾಯುವುವು. ಕಾವಲುಗಾರನೂ ಮೀನುಗಾರನೂ ಸೇರಿ ಗೂಡಿನ ಸುತ್ತಲೂ ಬಲೆಯ ಬೇಲಿಯನ್ನು ಕಟ್ಟಿದರು. ಗೂಟವನ್ನು ಹಿಡಿದು ನಿಲ್ಲುವ ಕೆಲಸವು ನನ್ನ ಪಾಲಿಗೆ ಬಂದಿತು.

ಆಗ ನನಗೆ ನಾಚಿಕೆಯಾಯಿತು. ನಾನು ಸೆಳೆದುಕೊಂಡದ್ದು ಇಂದ್ರಿಯಗಳನ್ನಲ್ಲ, ಬರಿಯ ಮೋರೆಯನ್ನು. ದುಃಖಕ್ಕೆ ವೈರಾಗ್ಯವೆಂಬ ಹೆಸರನ್ನಿಟ್ಟು ಕುಳಿತಿದ್ದೆನು.

ಚೈತ್ರದಲ್ಲಿ ಮರಿಗಳು ಕಡಲು ಸೇರಿದುವೆಂದು ಮಗಳು ತಿಳಿಸಿದಳು. ಆ ವೇಳೆಗೆ ನಮ್ಮ ಜಗಲಿಯಲ್ಲಿ ಐವರು ಮಕ್ಕಳು ರಾಮಶಬ್ದವನ್ನು ಒಪ್ಪಿಸುತ್ತಿದ್ದರು.