ಹಿತ್ತಾಳೆಯ ಮಸೂರ ಮತ್ತು ಅಚೌರ್ಯಾಣುವ್ರತ

ಅಣುವ್ರತಗಳಲ್ಲಿ ಅಚೌರ್ಯವು ಪಾಲಿಸಲು ಸುಲಭವಾದುದೆಂಬ ಭಾವನೆ ಶ್ರಾವಕರಲ್ಲಿ ಸಾಮಾನ್ಯವಾಗಿದೆ. ಪರರ ಮನೆಯ ಬೀಗ ಮುರಿಯದವನು, ಪರರ ಗಂಟಿಗೆ ಕೈ ಹಾಕದವನು ತನ್ನನ್ನು ಅಚೌರ್ಯವ್ರತಿಯೆಂದೇ ತಿಳಿಯುತ್ತಾನೆ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳತನಕ್ಕೆ ಪ್ರೇರಿಸುವುದು ಸ್ತೇನಪ್ರಯೋಗ. ಕದ್ದ ಮಾಲನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು ವಿರುದ್ಧರಾಜ್ಯಾತಿಕ್ರಮ. ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಹೀನಾಧಿಕಮಾನೋನ್ಮಾನ. ಒಂದನ್ನು ಇನ್ನೊಂದೆಂದು ತೋರಿಸಿ ಮಾರುವುದು ಪ್ರತಿರೂಪಕವ್ಯವಹಾರ. ಇವೆಲ್ಲವೂ ಅಂಗಡಿಯ ಕಟ್ಟೆಯ ಮೇಲೆಯೇ ಹುಟ್ಟುವಂಥವು. ಇವುಗಳಲ್ಲಿ ನಾಲ್ಕನೆಯದರ ಅರ್ಥವು ಅಗರಖೇಡದ ಒಂದು ಮನೆಯವರಿಗೆ ಹಿತ್ತಾಳೆಯ ಒಂದು ಕೊಳವೆಯಿಂದ ಹೊಸದಾಗಿ ತಿಳಿದುಬಂದ ಪ್ರಸಂಗವು ವಿಚಾರಯೋಗ್ಯವಾಗಿದೆ.

ಇಂಡಿ ತಾಲೂಕಿನ ಭೀಮಾತೀರದ ಆ ಊರಿನಲ್ಲಿ ತೊಗರಿ, ಕಡಲೆಗಳ ವ್ಯಾಪಾರ ನಡೆಸುವ ಹಿರಿಯರೊಬ್ಬರಿದ್ದಾರೆ. ಅವರ ತಮ್ಮನ ಮಗನಿಗೆ ಹಳೆಯ ಪದ್ಧತಿಯ ಛಾಯಾಚಿತ್ರದಲ್ಲಿ ಆಸಕ್ತಿ. ಮರದ ಪೆಟ್ಟಿಗೆ, ಬಟ್ಟೆಯ ತಿದಿ, ಹಿಂದೆ 4 ಅಂಗುಲ ಅಗಲ 5 ಅಂಗುಲ ಉದ್ದದ ಹಾಳೆ: ಇಂಥ ದೊಡ್ಡ ಕ್ಯಾಮರಾಕ್ಕೆ ತಕ್ಕ ಮಸೂರವನ್ನು ಹುಡುಕುತ್ತಿದ್ದ ಅವನಿಗೆ ಸೊಲ್ಲಾಪುರದ ಒಂದು ಗುಜರಿ ಅಂಗಡಿಯಲ್ಲಿ, ಒಡೆದ ಕೊಡ ಮತ್ತು ಮುರಿದ ಸಮೆಗಳ ರಾಶಿಯೊಳಗೆ, ಕಪ್ಪಾದ ಕೊಳವೆಯೊಂದು ಸಿಕ್ಕಿತು. ಅಂಗಡಿಯವನು ತೂಗಿದನು. 1 ಕಿಲೋ 200 ಗ್ರಾಂ. ಕಿಲೋಗೆ 450 ರೂಪಾಯಿಯಂತೆ 540 ರೂಪಾಯಿ ಆಯಿತು. ಕರಗಿಸುವ ಮುನ್ನ ಒಳಗಿನ ಗಾಜನ್ನು ಒಡೆದು ತೆಗೆಯಬೇಕಾದ ಕೆಲಸ ತಪ್ಪಿತೆಂದು ಅವನಿಗೂ ಸಂತೋಷವೇ ಆಯಿತು.

ಮನೆಗೆ ಬಂದ ತರುಣನು ಆ ವಸ್ತುವಿನ ಕಥೆಯನ್ನು ಹಿರಿಯರಿಗೆ ವಿವರಿಸಿದನು. ಛಾಯಾಚಿತ್ರ ವಿದ್ಯೆಯು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಅಂದಿನ ಮಸೂರಗಳು ಒಳಬಿಡುತ್ತಿದ್ದ ಬೆಳಕು ತೀರ ಅಲ್ಪವಾದುದರಿಂದ ಮನುಷ್ಯರ ಮುಖವನ್ನು ತೆಗೆಯುವುದು ಕಷ್ಟವಾಗಿತ್ತು. 1840ರಲ್ಲಿ ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ನಾಲ್ಕು ಗಾಜುಗಳ ಹೊಸ ರಚನೆಯನ್ನು ಕೊಟ್ಟರು. ಮುಂದಿನ ಎರಡು ಗಾಜುಗಳು ಅಂಟಿಕೊಂಡಿರುತ್ತವೆ. ಹಿಂದಿನ ಎರಡರ ನಡುವೆ ಸಣ್ಣ ಅಂತರವಿರುತ್ತದೆ. ಅದನ್ನು ಹಿತ್ತಾಳೆಯ ಕೊಳವೆಯಲ್ಲಿ ಕೂರಿಸಿ ಮಾರಿದವರು ಅಲ್ಲಿಯ ಫೋಯ್ಕ್ಟ್‌ಲೆಂಡರ್ ಎಂಬ ವ್ಯಾಪಾರಿಗಳು. ಪೆಟ್ಸ್‌ವಾಲ್‌ರಿಗೆ ಅವರು ಒಂದೇ ಸಲ 2,000 ಗುಲ್ಡನ್ ನಾಣ್ಯಗಳನ್ನು ಕೊಟ್ಟರು. ಮಸೂರವು ಯೂರೋಪಿನಲ್ಲೆಲ್ಲ ಮಾರಾಟವಾಯಿತು. ಲಾಭವೆಲ್ಲ ವ್ಯಾಪಾರಿಗೆ ಸೇರಿತು. ಇಬ್ಬರ ನಡುವೆ ಮುಗಿಯದ ವೈಮನಸ್ಯ ಉಳಿಯಿತು.

ಅದೇ ರಚನೆಯು ಮುಂದೆ ಚಿತ್ರಗಳನ್ನು ಪರದೆಯ ಮೇಲೆ ಬಿಡುವ ಮಾಯಾದೀಪಗಳಿಗೂ, ಸಿನಿಮಾ ಯಂತ್ರಗಳಿಗೂ ಬಂದಿತು. ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನರು 1892ರ ಸುಮಾರಿಗೆ ‘ಶಾಂಭರಿಕ ಖರೋಲಿಕಾ’ ಎಂಬ ಹೆಸರಿನಿಂದ ಗಾಜಿನ ಮೇಲೆ ಬರೆದ ಚಿತ್ರಗಳನ್ನು ತೋರಿಸಿದುದು ಇಂಥ ದೀಪದಿಂದಲೇ. ಸೊಲ್ಲಾಪುರದ ಕೊಳವೆಯೂ ಅಂಥದೊಂದು ದೀಪದ್ದಾಗಿತ್ತು. ಅದರ ಮೇಲೆ ತಯಾರಕರ ಹೆಸರಿರಲಿಲ್ಲ. ಆದರೆ ಗಾಜಿನಲ್ಲಿ ಬೂಷ್ಟು ಹಿಡಿದಿರಲಿಲ್ಲ, ಅಂಟು ಬಿಟ್ಟಿರಲಿಲ್ಲ.

“ಕಾಕಾ, ತಿಳಿದವರು ಇದಕ್ಕೆ ಹದಿನೈದು ಸಾವಿರ ಕೊಡ್ತಾರ” ಎಂದನು ತರುಣ.

“ಅಂಗಡಿಯವಗ ಇದು ಏನಂತ ಗೊತ್ತಿತ್ತೇನು?” ಎಂದು ಹಿರಿಯರು ಕೇಳಿದರು.

ಗೊತ್ತಿರಲಿಲ್ಲವೆಂದು ತರುಣನು ಒಪ್ಪಿಕೊಂಡನು. ಆದರೆ ಅವನ ವಾದವೂ ದುರ್ಬಲವಾಗಿರಲಿಲ್ಲ. ತಾನು ಸುಳ್ಳು ಹೇಳಿಲ್ಲ. ಬೆಲೆಯನ್ನು ಹೇಳಿದವನು ಅಂಗಡಿಯವನೇ. ಹಲವು ವರ್ಷ ಓದಿ, ನೋಡಿ ಕಲಿತ ತಿಳಿವಿಗೆ ಫಲ ಬೇಡವೇ? ಕಾಕಾರವರೂ ತೊಗರಿಯ ಕಾಳನ್ನು ಅಂಗೈಯಲ್ಲಿ ಹಿಡಿದೊಡನೆ ಅದರ ಗುಣವನ್ನು ಅರಿಯುತ್ತಾರೆ, ಆ ಅರಿವಿನಿಂದಲೇ ಲಾಭ ಪಡೆಯುತ್ತಾರಲ್ಲವೇ?

ಹಿರಿಯರು ಆ ರಾತ್ರಿ ಉತ್ತರ ಕೊಡಲಿಲ್ಲ. ಮರುದಿನ ಸಾಮಾಯಿಕ ಮುಗಿಸಿ ಬಂದು ಹೇಳಿದ ಮಾತಿನ ಸಾರ ಹೀಗಿತ್ತು. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಇಟ್ಟುಕೊಂಡವನನ್ನು ಶಾಸ್ತ್ರವು ಹೀನಾಧಿಕಮಾನೋನ್ಮಾನದ ದೋಷಿಯೆಂದು ಕರೆಯುತ್ತದೆ. ಈ ಕೊಳವೆಯನ್ನು ಕೊಳ್ಳುವಾಗ ಹಿತ್ತಾಳೆಯನ್ನು ತೂಗಲಾಯಿತು. ಬೆಲೆ ಕಟ್ಟುವಾಗ ಗಾಜನ್ನು ತೂಗಲಾಗುತ್ತಿದೆ. ವಸ್ತು ಒಂದು, ತಕ್ಕಡಿ ಎರಡು. ತೊಗರಿಯನ್ನು ಮಾರುವ ರೈತನಿಗೆ ಅದು ತೊಗರಿಯೆಂದು ಗೊತ್ತು. ಗುಣದ ವಿಷಯದಲ್ಲಿ ಅವನು ವಾದಿಸಬಲ್ಲನು, ಇನ್ನೊಂದು ಅಂಗಡಿಗೆ ಹೋಗಬಲ್ಲನು. ವಸ್ತು ಏನೆಂಬುದನ್ನೇ ಅರಿಯದವನಿಗೆ ವಾದಿಸುವ ದಾರಿಯೂ ಇರುವುದಿಲ್ಲ. ತಿಳಿವಿಗೆ ಕೂಲಿ ಉಂಟು, ಅದನ್ನು ಪಡೆಯಬಹುದು. ಆದರೆ ವಸ್ತುವಿನ ಹೆಸರನ್ನು ಹೇಳಿದ ಮೇಲೆ ಪಡೆಯಬೇಕು.

ಮುಂದಿನ ವಾರ ಇಬ್ಬರೂ ಸೊಲ್ಲಾಪುರಕ್ಕೆ ಹೋದರು. ಮಸೂರವನ್ನು ಪರೀಕ್ಷಿಸುವ ವಿಧಾನವು ಸರಳವಾಗಿದೆ. ಬೆಳಕಿರುವ ಬಾಗಿಲಿಗೆ ಎದುರಾಗಿ ಕೊಳವೆಯನ್ನು ಹಿಡಿದು, ಹಿಂದೆ ಬಿಳಿಯ ಹಾಳೆಯನ್ನು ಮುಂದೆ ಹಿಂದೆ ಸರಿಸಿದರೆ ಒಂದು ನೆಲೆಯಲ್ಲಿ ಹೊರಗಿನ ನೋಟವು ತಲೆಕೆಳಗಾಗಿ ಸ್ಪಷ್ಟವಾಗಿ ಮೂಡುತ್ತದೆ. ಆ ದೂರವೇ ಸುಮಾರಾಗಿ ಮಸೂರದ ಸಂಗಮದೂರ. ಇಲ್ಲಿ ಅದು 10 ಅಂಗುಲವಿತ್ತು. ಗಾಜಿನ ಅಗಲ ಎರಡೂವರೆ ಅಂಗುಲ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 4 ಬರುತ್ತದೆ. ಈ ಸಂಖ್ಯೆ ಚಿಕ್ಕದಾದಷ್ಟೂ ಮಸೂರವು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಅಂಗಡಿಯ ಬಾಗಿಲಲ್ಲಿ ನಿಂತು ತರುಣನು ಹಾಳೆ ಹಿಡಿದಾಗ, ಎದುರಿನ ಬೀದಿ, ಅಟೋ, ಹೂವಿನ ಗಾಡಿ ಎಲ್ಲವೂ ಬಣ್ಣಸಹಿತ ತಲೆಕೆಳಗಾಗಿ ಚಲಿಸುವುದನ್ನು ಅಂಗಡಿಯವನು ಕಂಡನು.

ಅವನು ಕೃತಜ್ಞನಾದನೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಮೊದಲು ನಕ್ಕನು; ಆಮೇಲೆ, “ಸಾವಕಾರ್ರ, ಇನ್ನೂ ಏನೇನು ಮುಚ್ಚಿಟ್ಟೀರಿ?” ಎಂದು ಸಂಶಯಪಟ್ಟನು. ಕೊಳವೆಯನ್ನು ಅವನ ಬಳಿಯೇ ಬಿಟ್ಟು ಬರಬೇಕಾಯಿತು. ಅವನು ಪುಣೆಯವರೆಗೆ ವಿಚಾರಿಸಿದನು. ಮೂರು ವಾರಗಳ ನಂತರ 7,000 ರೂಪಾಯಿಗೆ ಒಪ್ಪಂದವಾಯಿತು. ಕೊಳವೆಯು ಎಲ್ಲಿಂದ ಬಂತೆಂಬುದನ್ನು ಹಿರಿಯರು ಕೇಳಿ ತಿಳಿದು, ರಸೀದಿ ಬರೆಯಿಸಿದರು. ಕದ್ದ ಮಾಲಾಗಿದ್ದರೆ ಎರಡನೆಯ ಅತಿಚಾರವು ತಪ್ಪುತ್ತಿರಲಿಲ್ಲ. ಕ್ಯಾಮರಾದ ಪೆಟ್ಟಿಗೆಗೆಂದು ತರುಣನು ಕೂಡಿಟ್ಟ ಹಣ ಇದರಲ್ಲಿ ಕರಗಿತು. ಪೆಟ್ಟಿಗೆಯು ಒಂದು ವರ್ಷ ಮುಂದಕ್ಕೆ ಹೋಯಿತು.

ಆ ವರ್ಷದಲ್ಲಿ ಉಳಿದ ಅತಿಚಾರಗಳೂ ಒಂದೊಂದಾಗಿ ಬಾಗಿಲು ತಟ್ಟಿದವು. ಪ್ರಸಿದ್ಧ ತಯಾರಕರ ಹೆಸರನ್ನು ಕೊಳವೆಯ ಮೇಲೆ ಕೊರೆಸಿದರೆ ಬೆಲೆ ಹೆಚ್ಚುವುದೆಂದು ಪರಿಚಿತನೊಬ್ಬನು ಸೂಚಿಸಿದನು. ಇದು ಹೊಸ ಉಪಾಯವಲ್ಲ. 19ನೆಯ ಶತಮಾನದಲ್ಲಿಯೇ ಇಂಥ ನಕಲಿ ಹೆಸರುಗಳ ಮಸೂರಗಳು ಮಾರಾಟವಾದದ್ದುಂಟು. ಇದು ಸ್ಪಷ್ಟವಾಗಿ ಪ್ರತಿರೂಪಕವ್ಯವಹಾರ. ಇನ್ನೊಬ್ಬನು ಪರದೇಶದ ಗಿರಾಕಿಗೆ ಸದ್ದಿಲ್ಲದೆ ಕಳುಹಿಸಿಕೊಡುವೆನೆಂದನು. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ರವಾನಿಸುವಂತಿಲ್ಲ. ಅದನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಎರಡನ್ನೂ ತರುಣನು ತಾನೇ ನಿರಾಕರಿಸಿದನು. ಈ ಸಲ ಕಾಕಾರವರನ್ನು ಕೇಳಬೇಕಾಗಲಿಲ್ಲ.

ಪೆಟ್ಟಿಗೆಯು ಸಿದ್ಧವಾದಾಗ ಹಿರಿಯರಿಗೆ ಒಂದು ಆಸೆ ಹುಟ್ಟಿತು. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಬಸದಿಯಲ್ಲಿ ಅನುಮತಿ ಪಡೆದು ಭಗವಂತನ ಬಿಂಬದ ಒಂದು ಚಿತ್ರವನ್ನು ಈ ಮಸೂರದಿಂದಲೇ ತೆಗೆಯಿಸಬೇಕೆಂದರು. ಆಗ ತರುಣನು, “ಕಾಕಾ, ವಸ್ತು ಏನಂತ ಮೊದಲು ಹೇಳಬೇಕಂತ ನೀವ ಹೇಳೀರಿ” ಎಂದು ಪ್ರಾರಂಭಿಸಿ ಒಂದು ಸಂಗತಿಯನ್ನು ತಿಳಿಸಿದನು. ಮಾರುಕಟ್ಟೆಯಲ್ಲಿ ಸಿಗುವ ಫಿಲ್ಮಿನ ಮೇಲೂ, ಬೆಳ್ಳಿಯ ಲವಣದ ಚಿತ್ರಕಾಗದದ ಮೇಲೂ ಇರುವ ಲೇಪವು ಜಿಲೆಟಿನ್. ಅದು ಪಶುಗಳ ಎಲುಬು, ಚರ್ಮಗಳನ್ನು ಬೇಯಿಸಿ ತೆಗೆದದ್ದು. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಈ ಲೇಪವನ್ನು ಸೂಚಿಸಿದ ತರುವಾಯ ಛಾಯಾಚಿತ್ರ ಲೋಕವೆಲ್ಲ ಅದನ್ನೇ ಅನುಸರಿಸಿತು.

ಹಿರಿಯರ ಮನೆಯ ಗೋಡೆಯ ಮೇಲೆ ತಂದೆತಾಯಿಗಳ ಚಿತ್ರಗಳಿವೆ. ಮುನಿಮಹಾರಾಜರ ಆಹಾರದಾನದ ಚಿತ್ರಗಳೂ ಇವೆ. ಎಲ್ಲವೂ ಆ ಲೇಪದ ಮೇಲೆಯೇ ಮೂಡಿದವು. ಅರಿಯದವನಿಗೆ ಹೇಳುವುದು ಧರ್ಮವೆಂದು ಸೊಲ್ಲಾಪುರದವರೆಗೆ ಹೋಗಿಬಂದವರು ಈಗ ತಾವೇ ಅರಿಯದವರ ಸ್ಥಾನದಲ್ಲಿ ನಿಂತು, ಕೇಳದಿದ್ದರೆ ಚೆನ್ನಾಗಿತ್ತೆಂದು ಒಂದು ಕ್ಷಣ ಭಾವಿಸಿದರು. ಗುಜರಿಯವನ ಸಂಶಯದ ನೋಟವು ಅವರಿಗೆ ಆಗ ಅರ್ಥವಾಯಿತು.

ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕೆಂಬುದು ಶ್ರಾವಕಾಚಾರದ ಕ್ರಮ. ಹಳೆಯ ಚಿತ್ರಗಳನ್ನು ಅವರು ಗೋಡೆಯಿಂದ ಇಳಿಸಲಿಲ್ಲ. ಬಸದಿಯ ಚಿತ್ರದ ಆಸೆಯನ್ನು ಕೈಬಿಟ್ಟರು. ತರುಣನಿಗೆ ಜಿಲೆಟಿನ್ ಇಲ್ಲದ ಹಳೆಯ ದಾರಿಯನ್ನು ಹುಡುಕಲು ಹೇಳಿದರು.

ಅಂಥ ದಾರಿ ಇದೆ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಕಾಗದಕ್ಕೇ ಬೆಳ್ಳಿಯ ಲವಣವನ್ನು ಹಚ್ಚಿ, ಬೆಳಕು ಕೊಟ್ಟು, ಗ್ಯಾಲಿಕ್ ಆಮ್ಲದಿಂದ ಚಿತ್ರವನ್ನು ಮೂಡಿಸುತ್ತಾರೆ. ಈ ಆಮ್ಲದ ಮೂಲ ಮಾಚಿಕಾಯಿ. ಗಂಧಿಗೆ ಅಂಗಡಿಯ ಮಾಲನ್ನು ಬಲ್ಲ ಹಿರಿಯರು ಇಲ್ಲಿಯೂ ತಡೆದರು: ಮಾಚಿಕಾಯಿ ಎಂಬುದು ಮರದ ಮೇಲೆ ಕೀಟವೊಂದರಿಂದ ಉಂಟಾದ ಗಂಟು, ಒಳಗೆ ಅದರ ಮರಿ ಬೆಳೆಯುತ್ತದೆ. ಕೀಟವು ಹಾರಿಹೋದ ಕಾಯಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅಂಥವುಗಳ ಸತ್ತ್ವ ಕಡಿಮೆ, ಬೆಲೆಯೂ ಕಡಿಮೆ. ಅವರು ರಂಧ್ರವಿರುವ ಕಾಯಿಗಳನ್ನೇ ಒಂದೊಂದಾಗಿ ಆರಿಸಿ ಕೊಟ್ಟರು. ತರುಣನು ಅವನ್ನು ಕುದಿಸಿ ಕಷಾಯ ಮಾಡಿದನು.

ಈ ಕಾಗದವು ಬಹಳ ನಿಧಾನದ್ದು. ಸಾಮಾನ್ಯ ಮಸೂರವನ್ನು ಕಿರಿದಾಗಿಸಿ ಬಳಸಿದರೆ ನೆರಳಿನಲ್ಲಿ ಮನುಷ್ಯರ ಚಿತ್ರ ತೆಗೆಯುವುದು ಅಸಾಧ್ಯವೇ ಸರಿ. ದೀಪದ ಮಸೂರದ ಅಗಲವಾದ ಬಾಯಿ ಇಲ್ಲಿ ಉಪಯೋಗಕ್ಕೆ ಬಂದಿತು. ಅದರಲ್ಲಿ ಬೆಳಕನ್ನು ತಡೆಯುವ ಕವಾಟವಿಲ್ಲ. ಮುಚ್ಚಳವನ್ನು ಕೈಯಿಂದ ತೆಗೆದು, ಎಣಿಸಿ, ಮತ್ತೆ ಹಾಕಬೇಕು. ಮನೆಯ ಹಿರಿಯ ಅತ್ತೆಯವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತರು. ಒಂದೂವರೆ ನಿಮಿಷ ಅಲುಗದೆ ಇರಬೇಕೆಂದು ಹೇಳಿದಾಗ ಅವರು ನಕ್ಕರು; ದಿನವೂ 48 ನಿಮಿಷಗಳ ಸಾಮಾಯಿಕದಲ್ಲಿ ಕೂಡುವವರಿಗೆ ಅದು ಲೆಕ್ಕವೇ? ಚಿತ್ರವು ಮಸುಕಾಗಿಯೇ ಬಂದಿತು. ನಡುವಿನ ಮುಖದ ಸುಕ್ಕುಗಳು ಮಾತ್ರ ಸ್ಪಷ್ಟ. ಅಂಚಿನ ಕಂಬ, ಕಿಟಕಿಗಳೆಲ್ಲ ಸುತ್ತಿದಂತೆ ಕರಗಿಹೋಗಿವೆ. ಪೆಟ್ಸ್‌ವಾಲ್‌ರ ರಚನೆಯ ಸ್ವಭಾವವೇ ಅದು.

ಬಸದಿಗಳ, ಮಂದಿರಗಳ ಟ್ರಸ್ಟುಗಳ ಉಗ್ರಾಣಗಳಲ್ಲಿ ಹಳೆಯ ಹಿತ್ತಾಳೆಯ ಸಾಮಾನುಗಳು ಬಹಳವಿರುತ್ತವೆ; ವರ್ಷಕ್ಕೊಮ್ಮೆ ತೂಕದಿಂದ ಹರಾಜಾಗುವುದೂ ಉಂಟು. ತೂಗುವ ಮುನ್ನ ಬಲ್ಲವರೊಬ್ಬರಿಗೆ ತೋರಿಸಿ, ಪ್ರತಿಯೊಂದರ ಹೆಸರನ್ನು ಬರೆದಿಡುವುದು ದೇವದ್ರವ್ಯದ ರಕ್ಷಣೆಗೆ ಅವಶ್ಯ. ಕೊಳ್ಳುವವನು ಶ್ರಾವಕನಾಗಿದ್ದರೆ, ತಾನು ಅರಿತದ್ದನ್ನು ಹೇಳುವುದು ಅವನ ವ್ರತದ ಅಂಗ.

ಅಗರಖೇಡದ ಆ ಅಂಗಡಿಯ ಖಾತೆ ಪುಸ್ತಕದಲ್ಲಿ ಒಂದರ ಕೆಳಗೊಂದು ಎರಡು ಸಾಲುಗಳಿವೆ: ‘ಹಿತ್ತಾಳೆ ಕೊಳವೆ, 540’. ಅದನ್ನು ಒಂದು ಗೆರೆಯಿಂದ ಹೊಡೆದು ಹಾಕಿದೆ. ಕೆಳಗೆ ‘ಮಸೂರ, 7,000’ ಎಂದು ಬರೆದು ರಸೀದಿಯನ್ನು ಅಂಟಿಸಲಾಗಿದೆ.